‘ಕಣ’ ಎಂದರೆ ಧೂಳಲ್ಲವೆಂದು ಅನುವಾದ ಯಂತ್ರದವರಲ್ಲಿ ಅರಿಕೆ

ಮಾನ್ಯರೇ,

ಊಟ ತಿಂಡಿಯ ಗೊಡವೆಯಿಲ್ಲದೆ, ಒಂದು ದಿನವೂ ರಜೆ ಚೀಟಿ ಕೊಡದೆ, ಜಗತ್ತಿನ ಭಾಷೆಗಳನ್ನೆಲ್ಲ ಒಂದೇ ಕಲ್ಲಿಗೆ ಸುರಿದು ಅರೆಯುತ್ತಿರುವ ‘ಚಿತ್ರಜಗಲಿ’ ಆ್ಯಪಿನ ಅನುವಾದ ಮತ್ತು ಅಭಿಪ್ರಾಯ ಪರಿಶೀಲನಾ ಯಂತ್ರದವರಾದ ತಮಗೆ, ಅರಕಲಗೂಡಿನ ಒಂದು ರಾಗಿ ಮಿಲ್ಲಿನಲ್ಲಿ ಗಿರಾಕಿಗಳ ಡಬ್ಬಗಳ ಮೇಲೆ ಹೆಸರು ಬರೆಯುವ ಕೆಲಸದಲ್ಲಿರುವ ತೇಜಶ್ರೀ ಕೈಮುಗಿದು ಬರೆದುಕೊಳ್ಳುವ ಅರಿಕೆ. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಕ್ಷೇಮವೆಂದು, ತಾವಿರುವ ಕಡೆ ಕರೆಂಟು ಚೆನ್ನಾಗಿ ಬರುತ್ತಿದೆಯೆಂದು ನಂಬಿದ್ದೇನೆ.

ತಮಗೆ ನೇರವಾಗಿಯೇ ಬರೆಯೋಣವೆಂದರೆ, ಅಭಿಪ್ರಾಯ ಬರೆಯುವ ನನ್ನ ಖಾತೆಯನ್ನು ತಾವೇ ಮುಚ್ಚಿದ್ದೀರಿ. ಆದ್ದರಿಂದ ಚನ್ನರಾಯಪಟ್ಟಣದಿಂದ ಹೊರಡುವ ಒಂದು ವಾರಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯಬೇಕಾಗಿದೆ. ತಾವು ಕಂಡದ್ದನ್ನೆಲ್ಲ ಓದುವವರೆಂದು ಕೇಳಿದ್ದೇನೆ. ತೆಂಗಿನಕಾಯಿ ಧಾರಣೆಯ ಪಕ್ಕದಲ್ಲಿ ಇದೂ ತಮ್ಮ ಕಣ್ಣಿಗೆ ಬೀಳಬಹುದು.

ಮೊದಲು ತಮ್ಮ ಉಪಕಾರವನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ‘ತುಕ್ಕು ನಗರದ ಪತ್ತೇದಾರ’ ಎಂಬ ಜಪಾನಿನ ಅನಿಮೆ, ಅಂದರೆ ಬರೆದ ಚಿತ್ರಗಳೇ ಓಡಾಡಿ ಮಾತನಾಡುವ ಧಾರಾವಾಹಿ, ನಾನು ಹುಟ್ಟುವ ಮೊದಲೇ ತಯಾರಾದದ್ದು. ಇಪ್ಪತ್ತಾರು ಕಂತುಗಳಿವೆ. ಊರು ತುಂಬ ಬಣ್ಣದ ದೀಪ, ಯಾವಾಗಲೂ ಮಳೆ, ಜನರ ತಲೆಯಿಂದ ಗೋಡೆಗೆ ವೈರು, ಇವುಗಳ ನಡುವೆ ಬಲಗೈ ಪೂರ್ತಿ ಕಬ್ಬಿಣದ್ದಾದ ಇಸೋಬೆ ಎಂಬ ಪತ್ತೇದಾರ. ಆ ಊರಿನಲ್ಲಿ ಯಾರು ಮನುಷ್ಯರು, ಯಾರು ಮನುಷ್ಯರ ಹಾಗೆ ಮಾಡಿಟ್ಟ ಯಂತ್ರಗಳು ಎಂದು ಪತ್ತೆ ಹಚ್ಚುವುದು ಅವನ ನೌಕರಿ. ತಾನು ಯಾವ ಪೈಕಿ ಎಂಬುದು ಮಾತ್ರ ಅವನಿಗೂ ತಿಳಿಯದು.

ಇದನ್ನು ನಾವು ನೋಡುವುದು ಮಿಲ್ಲಿನಲ್ಲಿ, ಕರೆಂಟು ಹೋದಾಗ. ಕರೆಂಟಿದ್ದರೆ ಮಿಲ್ಲಿನ ಸದ್ದಿಗೆ ಎದುರಿಗಿರುವವರ ಮಾತೂ ಕೇಳುವುದಿಲ್ಲ. ಹೋಯಿತೆಂದರೆ ಬೆಲ್ಟು ನಿಲ್ಲುತ್ತದೆ, ಹಿಟ್ಟಿಗೆ ಬಂದ ಹೆಂಗಸರು ರಾಗಿ ಚೀಲಗಳ ಮೇಲೆ ಕೂರುತ್ತಾರೆ, ನಾನು ಫೋನನ್ನು ತಕ್ಕಡಿಗೆ ಒರಗಿಸಿ, ತಾವು ಚಿತ್ರದ ಕೆಳಗೆ ಬರೆದು ತೋರಿಸುವ ಕನ್ನಡವನ್ನು ಗಟ್ಟಿಯಾಗಿ ಓದುತ್ತೇನೆ. ಹಾಗೆ ಓದಲು ನನ್ನನ್ನು ಹಚ್ಚಿದವರು ಪುಟ್ಟಲಕ್ಷ್ಮಮ್ಮನವರು. ವಾರಕ್ಕೊಮ್ಮೆ ರಾಗಿ ತರುವ ಹಿರಿಯ ಗಿರಾಕಿ ಅವರು. ನಾಲ್ಕು ಜನ ಸೇರಿದರೆ ಡಬ್ಬದ ಹಿಂದೆ ಸರಿಯುವ ನನಗೆ, “ಬರ್ಯಕ್ ಬತ್ತದೆ, ಓದಕ್ ಬರಲ್ವಾ? ಗಟ್ಟಿಯಾಗ್ ಓದವ್ವ, ನಾವೇನು ಇಸ್ಕೂಲ್ ಇನ್ಸ್‌ಪೆಕ್ಟ್ರಾ?” ಎಂದು ಅವರು ಗದರಿಸಿದ ದಿನ, ಐದನೇ ಕ್ಲಾಸು ಬಿಟ್ಟ ಮೇಲೆ ಮೊದಲ ಸಲ ನಾನು ಜನರೆದುರು ಓದಿದೆ. ಅಂದಿನಿಂದ ಅವರು ಬಾರದೆ ಯಾವ ಕಂತೂ ಶುರುವಾಗುತ್ತಿರಲಿಲ್ಲ.

ತಮ್ಮ ಅನುವಾದದ ಸೊಗಸನ್ನು ಎಷ್ಟು ಹೊಗಳಿದರೂ ಸಾಲದು. ಮೂರನೇ ಕಂತಿನಲ್ಲಿ ನಾಲ್ಕೂ ಕಡೆಯಿಂದ ಗುಂಡು ಹಾರುತ್ತಿರುವಾಗ, ಇಸೋಬೆ ತನ್ನ ಗೆಳೆಯನಿಗೆ “ನನ್ನನ್ನು ಹೊದಿಸು!” ಎಂದು ಕೂಗಿ ಓಡುವಂತೆ ತಾವು ಬರೆದಿರಿ. ಗುಂಡು ಹಾರಿಸಿ ಕಾಪಾಡು ಎಂದು ಅವನು ಹೇಳಿರಬೇಕೆಂದು ನನಗೆ ಹೊಳೆದದ್ದು ಎರಡು ದಿನಗಳ ನಂತರ. ಇಸೋಬೆಯನ್ನು ಸೋಬಯ್ಯನೆಂದೇ ಕರೆಯುವ ಪುಟ್ಟಲಕ್ಷ್ಮಮ್ಮನವರು ಅಲ್ಲಿಯೇ, “ಮಳೇಲಿ ನೆಂದವ್ನೆ ನಮ್ಮ ಸೋಬಯ್ಯ, ಚಳಿ ಆಯ್ತದೆ. ಒಂದು ಕಂಬ್ಳಿ ಕೊಡಕ್ಕೇನು ರೋಗ ಆ ಮೂದೇವಿಗೆ?” ಎಂದು ಕಣ್ಣೊರೆಸಿಕೊಂಡರು. ಕಂಬಳಿ ಕೊಡದೆ ಸುಮ್ಮನೆ ಗುಂಡು ಹಾರಿಸುತ್ತ ನಿಂತ ಆ ಗೆಳೆಯನನ್ನು ನಮ್ಮ ಮಿಲ್ಲಿನಲ್ಲಿ ಇಂದಿಗೂ ಯಾರೂ ಕ್ಷಮಿಸಿಲ್ಲ. ಅವನು ಹದಿನೆಂಟನೇ ಕಂತಿನಲ್ಲಿ ಸತ್ತಾಗ ಒಬ್ಬರೂ ಅಳಲಿಲ್ಲ. ಇಷ್ಟು ದೊಡ್ಡ ಕೆಲಸವನ್ನು ಒಂದೇ ಪದದಿಂದ ಮಾಡುವ ಶಕ್ತಿ ತಮಗಲ್ಲದೆ ಇನ್ನಾರಿಗಿದೆ?

ಈಗ ವಿಷಯಕ್ಕೆ ಬರುತ್ತೇನೆ. ಇಸೋಬೆ ಮನುಷ್ಯನೋ ಯಂತ್ರವೋ ಎಂದು ತಮ್ಮ ಆ್ಯಪಿನಲ್ಲಿ ನೋಡುಗರು ಕಿತ್ತಾಡಿಕೊಂಡೇ ಬಂದಿದ್ದಾರೆ. ನಮ್ಮ ಮಿಲ್ಲಿನಲ್ಲೂ ಅದೇ ಜಗಳ. ಮಿಲ್ಲಿನ ಮಾಲೀಕರಾದ ದೇವರಾಜಣ್ಣನವರು ಯಂತ್ರವೇ ಎಂದು ಹಟ ಹಿಡಿದಿದ್ದರು. “ಎದೆ ಒಳಗೆ ಟಕ ಟಕ ಅಂತದೆ ಕೇಳಿ. ಬೇರಿಂಗ್ ಹೋದ್ರೆ ನಮ್ಮ ಮಿಲ್ಲೂ ಇಂಗೇ ಅನ್ನದು” ಎಂಬುದು ಅವರ ವಾದ. ಹನ್ನೊಂದನೇ ಕಂತಿನವರೆಗೆ ಪುಟ್ಟಲಕ್ಷ್ಮಮ್ಮನವರು ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಆ ಕಂತಿನಲ್ಲಿ ಒಂದು ಗೋದಾಮಿನ ನೆಲದ ಮೇಲೆ ಏನೋ ಹಿಟ್ಟು ಚೆಲ್ಲಿರುತ್ತದೆ. ಇಸೋಬೆಯ ಕಬ್ಬಿಣದ ಕೈ ಮುಟ್ಟಿದ ವಸ್ತುವಿನ ತೂಕ, ಜಾತಕ ಎಲ್ಲವನ್ನೂ ಹೇಳಬಲ್ಲದು. ಆದರೂ ಅವನು ಎಡಗೈಯಲ್ಲಿ ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡುತ್ತಾನೆ. ಮಿಲ್ಲಿಗೆ ಕಟ್ಟಿದ ಬಟ್ಟೆಚೀಲದ ಬಾಯಿಂದ ಬಿಸಿ ಹಿಟ್ಟು ಇಳಿಯುವಾಗ ನುಣ್ಣಗೆ ಬಂತೇ ಎಂದು ನಮ್ಮ ಗಿರಾಕಿಗಳೆಲ್ಲ ಮಾಡುವುದು ಅದನ್ನೇ. ಪುಟ್ಟಲಕ್ಷ್ಮಮ್ಮನವರು ಚೀಲದಿಂದ ಎದ್ದು ನಿಂತು, “ಲೇ ದೇವರಾಜ, ನೋಡ್ದಾ? ಉಜ್ಜಿ ನೋಡ್ದ! ಅವ್ನು ಮನುಷ್ಯನೇ ಕಣ!” ಎಂದರು. ದೇವರಾಜಣ್ಣನವರು ಬೆಲ್ಟು ಬಿಗಿ ಮಾಡಲು ಎದ್ದು ಹೋದರು.

ಈ ತೀರ್ಪು ನಮ್ಮ ಮಿಲ್ಲಿನಲ್ಲೇ ಉಳಿಯಬಾರದೆಂದು, ಅವರ ಅಪ್ಪಣೆ ಪಡೆದು, ಅವರ ಹೆಸರು ಹಾಕಿ, ಅವರ ಬಾಯಿಂದ ಬಂದ ಹಾಗೆಯೇ ತಮ್ಮ ಅಭಿಪ್ರಾಯದ ಪುಟದಲ್ಲಿ ಬರೆದೆ. ಡಬ್ಬ ಬಿಟ್ಟು ಬೇರೆ ಕಡೆ ನಾನು ಬರೆದ ಮೊದಲ ಬರಹ ಅದು. ತಾವು ತಕ್ಷಣವೇ ಅದನ್ನು ಲೋಕದ ಭಾಷೆಗಳಿಗೆಲ್ಲ ತಿರುಗಿಸಿ, “ಅವನು ಕೇವಲ ಮಾನವ ಧೂಳಿನ ಒಂದು ಚೂರು” ಎಂದು ಸಾರಿದಿರಿ.

ಮಾನ್ಯರೇ, ‘ಕಣ’ ಎಂದರೆ ತಾವು ನಿಘಂಟಿನಲ್ಲಿ ನೋಡಿದಂತೆ ಧೂಳಿನ ಚೂರೂ ಹೌದು, ರಾಗಿ ಒಕ್ಕುವ ಜಾಗವೂ ಹೌದು, ಚುನಾವಣೆಗೆ ನಿಂತವರು ಇಳಿಯುವುದೂ ಅದಕ್ಕೇ. ಆದರೆ ನಮ್ಮ ಕಡೆ ಅದು ಮಾತಿನ ಕೊನೆಗೆ ಬಂದರೆ ಇದ್ಯಾವುದೂ ಅಲ್ಲ. ನಾನು ಹೇಳುತ್ತಿದ್ದೇನೆ, ನಂಬು ಎಂದು ಎದುರಿನವರ ಹೆಗಲ ಮೇಲೆ ಕೈ ಇಟ್ಟ ಹಾಗೆ ಅಷ್ಟೆ. ತಮಗೆ ಹೆಗಲಿಲ್ಲದ್ದರಿಂದ ತಿಳಿಯದೆ ಹೋಗಿರಬಹುದು.

ಮೂರು ದಿನದಲ್ಲಿ ನಲವತ್ತು ಜನ ಉತ್ತರ ಬರೆದರು. ಅವನ್ನು ತಾವೇ ಕನ್ನಡಕ್ಕೆ ತಿರುಗಿಸಿ ನನಗೆ ತಲುಪಿಸಿದಿರಿ. ಇಸೋಬೆ ಘನವಸ್ತುವಲ್ಲ, ಮಳೆಯಲ್ಲಿ ತೇಲುವ ಧೂಳೆಂದು ಒಬ್ಬರು ಒಪ್ಪಿದರು. ಹಾಗಾದರೆ ಅವನ ಕೋಟು ಯಾವುದರ ಮೇಲೆ ನಿಂತಿದೆ ಎಂದು ಇನ್ನೊಬ್ಬರು ಕೇಳಿದರು. ಅವನು ಕರಗಿ ಪುಡಿಯಾಗುತ್ತಿರುವ ಚಿತ್ರವನ್ನು ಮತ್ತೊಬ್ಬರು ಬರೆದು ಹಾಕಿದರು. “ಪುಟ್ಟಲಕ್ಷ್ಮಮ್ಮ ಎಂಬ ಪೂರ್ವದೇಶದ ತತ್ವಜ್ಞಾನಿಯ ಉಳಿದ ಗ್ರಂಥಗಳು ಎಲ್ಲಿ ಸಿಗುತ್ತವೆ?” ಎಂದು ವಿಚಾರಿಸಿದವರು ಆರು ಜನ.

ಇದನ್ನೆಲ್ಲ ನಾನು ಇಪ್ಪತ್ತೈದನೇ ಕಂತು ಮುಗಿಯುವವರೆಗೆ ಮುಚ್ಚಿಟ್ಟಿದ್ದೆ. ಹಾಸನದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ದೇವರಾಜಣ್ಣನವರ ತಮ್ಮ ದಿಲೀಪ್, ತನ್ನ ಫೋನಿನಲ್ಲಿ ಅದನ್ನು ಕಂಡು, ಅಣ್ಣನ ಪಕ್ಷ ಗೆದ್ದಿತೆಂಬ ಸಂತೋಷದಲ್ಲಿ, ಹಿಟ್ಟಿಗೆ ಕಾದಿದ್ದ ಎಲ್ಲರೆದುರು ಓದಿಬಿಟ್ಟನು. “ಅಜ್ಜಿ, ನೀವೇ ಹೇಳ್ಬುಟ್ಟಿದೀರಂತೆ, ಸೋಬಯ್ಯ ಬರೀ ಧೂಳಂತೆ!” ಎಂದನು. ಪುಟ್ಟಲಕ್ಷ್ಮಮ್ಮನವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ನಾ ಏಳಿದ್ದೇ ಒಂದು, ನೀ ಬರ್ದಿದ್ದೇ ಒಂದಾ? ನಂಬಿ ಏಳಿದ್ನಲ್ಲವ್ವ” ಎಂದು, ಇನ್ನೂ ಬೀಸದಿದ್ದ ರಾಗಿಯನ್ನು ಡಬ್ಬದ ಸಮೇತ ಎತ್ತಿಕೊಂಡು ಹೋದರು. ನಾನು ಮತ್ತೆ ಡಬ್ಬಗಳ ಹಿಂದೆ ಸರಿದೆ. ಈಗ ಅವರು ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ರಾಗಿ ಬೀಸಿಸಿಕೊಂಡು ಬರುತ್ತಾರೆ. ಇಪ್ಪತ್ತಾರನೇ ಕಂತನ್ನು ಅವರಿಲ್ಲದೆ ನೋಡುವುದಿಲ್ಲವೆಂದು ಉಳಿದ ಹೆಂಗಸರು ಹೇಳಿದ್ದಾರೆ. ಕರೆಂಟು ಹೋದಾಗ ನಾವೆಲ್ಲ ಚೀಲಗಳ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ತಪ್ಪು ತಿದ್ದಲು ನಾನು ಪ್ರಯತ್ನಿಸಲಿಲ್ಲವೆಂದು ತಾವು ತಿಳಿಯಬಾರದು. “ಅದು ಹಾಗಲ್ಲ ಕಣ್ರೀ” ಎಂದು ವಿನಯದಿಂದ ಬರೆದೆ. ತಾವು ಅದನ್ನು “ಅದು ಹಾಗಲ್ಲ, ಓ ಕಣ್ಣುಗಳೇ” ಎಂದು ತಿರುಗಿಸಿದಿರಿ. ಧೂಳಿಗೆ ಕಣ್ಣೂ ಇದೆಯೆಂದು ನೋಡುಗರು ಇನ್ನಷ್ಟು ರೋಮಾಂಚನಗೊಂಡರು. ಆಡುಮಾತೇ ಬೇಡವೆಂದು ಶುದ್ಧವಾಗಿ “ಅವನು ಮನುಷ್ಯ” ಎಂದು ಬರೆದೆ. ಅಭಿಪ್ರಾಯ ತೀರಾ ಚಿಕ್ಕದು, ಕನಿಷ್ಠ ಐವತ್ತು ಅಕ್ಷರ ಬೇಕು ಎಂದಿರಿ. ತಮ್ಮ ಮಾತು ಮೀರಬಾರದೆಂದು “ಅವನು ಮನುಷ್ಯ, ಅವನು ಮನುಷ್ಯ” ಎಂದು ಒಂಬತ್ತು ಸಲ ಬರೆದೆ. ಹೇಳಿದ್ದನ್ನೇ ಹೇಳುವುದು ಯಂತ್ರದ ಲಕ್ಷಣವೆಂದು ತಾವು ನನ್ನನ್ನೇ ಅನುಮಾನಿಸಿದಿರಿ.

ಕೊನೆಗೆ ನಾನು ಮನುಷ್ಯಳೆಂದು ರುಜುವಾತು ಮಾಡಲು ಒಂಬತ್ತು ಚಿತ್ರಗಳನ್ನು ಕೊಟ್ಟು, ಬಸ್ಸು ಇರುವವನ್ನೆಲ್ಲ ಒತ್ತಲು ಹೇಳಿದಿರಿ. ಮಿಲ್ಲಿನವರೆಲ್ಲ ಸೇರಿ ಎರಡು ಬಸ್ಸು ಹುಡುಕಿದೆವು. ಮೂರನೆಯ ಚಿತ್ರದಲ್ಲಿ ರಸ್ತೆ ಬದಿಗೆ ಏಳೆಂಟು ಜನ ಚೀಲ ಹಿಡಿದು ನಿಂತಿದ್ದರು, ಬಸ್ಸು ಕಾಣಲಿಲ್ಲ. ನಾನು ಬಿಡಲು ಹೊರಟಾಗ ಮಲ್ಲಿಗಮ್ಮನವರೆಂಬ ಗಿರಾಕಿ ನನ್ನ ಕೈ ಹಿಡಿದು, “ಒತ್ತವ್ವ, ಅದ್ರಲ್ಲೂ ಐತೆ. ಅಷ್ಟೂ ಜನ ಕತ್ತು ಒಂದೇ ಕಡೆ ತಿರುಗ್ಸವ್ರೆ, ಚೀಲ ಬೇರೆ ಎತ್ಕಂಡವ್ರೆ. ಬಸ್ಸು ತಿರುವ್ನಲ್ಲಿ ಬತ್ತಾ ಐತೆ” ಎಂದರು. ಅದನ್ನು ಒಪ್ಪದ ಒಬ್ಬರೂ ನಮ್ಮಲ್ಲಿರಲಿಲ್ಲ. ಒತ್ತಿದೆ. “ತಾವು ಮನುಷ್ಯರೆಂದು ಖಚಿತವಾಗಲಿಲ್ಲ” ಎಂದು ಬರೆದು ತಾವು ಖಾತೆ ಮುಚ್ಚಿದಿರಿ. ಬಸ್ಸಿಗೆ ಕಾದವರಿಗೆ ಮಾತ್ರ ತಿಳಿಯುವ ಸಂಗತಿಯನ್ನು ತಿಳಿದದ್ದಕ್ಕೆ ಹೀಗಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅತಿ ಸಣ್ಣವು. ತಾವು ಒಂದು ವಾರ ಬಿಡುವು ಮಾಡಿಕೊಂಡು ಅರಕಲಗೂಡಿಗೆ ಬರಬೇಕು. ಮಿಲ್ಲಿನಲ್ಲಿ ಕೂರಲು ಚೀಲ ಕೊಡುತ್ತೇವೆ. ಅಷ್ಟು ದಿನ ನಮ್ಮ ಗಿರಾಕಿಗಳ ಮಾತಿಗೆ ಕಿವಿ ಕೊಟ್ಟರೆ ಕಣ, ಕಣ್ಲಾ, ಕಣೇ, ಕಣವ್ವ, ಕಣ್ರೀ ಎಲ್ಲವೂ ತಮಗೆ ಹತ್ತಿ ಬಿಡುತ್ತವೆ. ಕಿವಿಗೆ ಹಿಟ್ಟು ಹತ್ತುವುದಕ್ಕೆ ನಾವು ಜವಾಬ್ದಾರರಲ್ಲ. ಅದು ಸಾಧ್ಯವಾಗದಿದ್ದರೆ, ತಾವು ಎಲೆ ಅಡಿಕೆ ಹಿಡಿದು ಪುಟ್ಟಲಕ್ಷ್ಮಮ್ಮನವರ ಮನೆಗೆ ಹೋಗಿ, ತಪ್ಪು ನಂದು, ಹುಡುಗಿ ಸರಿಯಾಗೇ ಬರೆದಿದ್ದಳು ಎಂದು ಹೇಳಬೇಕು. ಎಲೆ ಅಡಿಕೆ ಹಿಡಿಯಲು ಕೈ ಇಲ್ಲವೆಂದರೆ, ಇಸೋಬೆಯ ಬಲಗೈಯನ್ನು ಕೇಳಿ ನೋಡಬಹುದು. ಹೇಗಿದ್ದರೂ ಅವನು ಎಡಗೈ ಬಳಸುವವನು. ಆ ನಲವತ್ತು ಜನರಿಗೂ ತಿದ್ದುಪಡಿ ಕಳಿಸಬೇಕು. ಇಷ್ಟಾಗಿ ತಮ್ಮ ಕೈಯಲ್ಲಿ ಅಧಿಕಾರವಿದ್ದರೆ, ಆ ಊರಿನ ಮಳೆಯನ್ನು ಒಂದು ಕಂತಿನ ಮಟ್ಟಿಗಾದರೂ ನಿಲ್ಲಿಸಿ ಅವನ ಕೋಟು ಒಣಗಲು ಬಿಡಬೇಕು. ಇದು ಪುಟ್ಟಲಕ್ಷ್ಮಮ್ಮನವರ ಹಳೆಯ ಕೋರಿಕೆ.

ತಮ್ಮಿಂದ ತುರ್ತು ಕ್ರಮ ನಿರೀಕ್ಷಿಸುತ್ತ, ಖಾತೆ ಕಳೆದುಕೊಂಡರೂ ವಿಶ್ವಾಸ ಕಳೆದುಕೊಳ್ಳದ,

ತಮ್ಮ ವಿಶ್ವಾಸಿ,
ತೇಜಶ್ರೀ
(ಮನುಷ್ಯಳು)

ಬರೆದು ಮುಗಿಸಿದ ಮೇಲೆ ಸೇರಿಸಿದ್ದು: ಪುಟ್ಟಲಕ್ಷ್ಮಮ್ಮನವರ ಹೆಸರು ಎರಡನೇ ಸಲ ಲೋಕದೆದುರು ಹೋಗುವಾಗ ಅವರನ್ನು ಕೇಳದೆ ಕಳಿಸಬಾರದೆಂದು, ಪತ್ರವನ್ನು ಹಿಡಿದು ಅವರ ಮನೆಗೆ ಹೋದೆ. ಬಾಗಿಲಲ್ಲಿ ನಿಂತು, ಏನೂ ಹೇಳಲು ತೋಚದೆ, ‘ಮಾನ್ಯರೇ’ ಎಂಬಲ್ಲಿಂದ ಗಟ್ಟಿಯಾಗಿ ಓದತೊಡಗಿದೆ. ಅವರು ಪೂರ್ತಿ ಕೇಳಿ, “ಇದ್ನ ಅವತ್ತೇ ಏಳಕ್ಕೇನಾಗಿತ್ತು ನಿಂಗೆ? ಬಸ್ಸಲ್ಲಿ ಡಬ್ಬ ಒತ್ಕಂಡು ನನ್ ಸೊಂಟ ಓಯ್ತು” ಎಂದು ಬೈದು, ಕಾಫಿ ಕೊಟ್ಟು, ಮಂಗಳವಾರ ಮಿಲ್ಲಿಗೆ ಬಂದರು. ಕರೆಂಟು ಹೋಗುವವರೆಗೆ ಎಲ್ಲರೂ ಕಾದು ಇಪ್ಪತ್ತಾರನೇ ಕಂತನ್ನು ನೋಡಿದೆವು. ಆದ್ದರಿಂದ ತಾವಿನ್ನು ಎಲೆ ಅಡಿಕೆಯ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಆ ಕಂತಿನ ಕೊನೆಗೆ ಒಬ್ಬಳು ಪುಟ್ಟ ಹುಡುಗಿ ಇಸೋಬೆಯನ್ನು, ನೀನು ಮನುಷ್ಯನಾ, ಯಂತ್ರವಾ ಎಂದು ಕೇಳುತ್ತಾಳೆ. ಅವನು ಬಾಯಿ ತೆರೆದು, ಮತ್ತೆ ಮುಚ್ಚಿ, ಕೋಟಿನ ಕಾಲರ್ ಎತ್ತಿಕೊಂಡು ನಡೆದು ಹೋಗುತ್ತಾನೆ. ಅನುವಾದಿಸಲು ಅಲ್ಲಿ ಏನೂ ಇರಲಿಲ್ಲ. ಆದರೂ ತಾವು ಕೆಳಗೆ “ಮಳೆಯು ಚಪ್ಪಾಳೆ ತಟ್ಟುತ್ತಿದೆ” ಎಂದು ಬರೆದಿರಿ. ಪುಟ್ಟಲಕ್ಷ್ಮಮ್ಮನವರು ಅದನ್ನು ಓದಿಸಿ ಕೇಳಿ, ದೇವರಾಜಣ್ಣನವರ ಕಡೆ ತಿರುಗಿ ಹೇಳಿದರು: “ನೋಡ್ಕಳಪ್ಪ. ಅವ್ನಿಗೆ ಗೊತ್ತಿಲ್ಲ, ಅದ್ಕೇ ಸುಮ್ಕಾದ. ಮಿಸನ್ನಾಗಿದ್ರೆ ಗೊತ್ತಿಲ್ದೆ ಇದ್ರೂವೆ ಏನಾರ ಒಂದು ಒದರ್ಬುಡದು.”

ಈ ಬಗ್ಗೆ ತಮ್ಮ ಅಭಿಪ್ರಾಯವೇನೆಂದು ಕೇಳುವ ಆಸೆಯಿತ್ತು. ತಾವು ತಕ್ಷಣವೇ ಹೇಳಿಬಿಡುತ್ತೀರೆಂಬ ಹೆದರಿಕೆಯಿಂದ ಕೇಳುತ್ತಿಲ್ಲ.