ಮೊಂಡು ಸೂಜಿ ಮತ್ತು ತಲೆಯೊಳಗಿನ ಅಫೀಮು

ಅಥಣಿಯ ಒಂದು ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದ ವರ್ಷಗಳಲ್ಲಿ ಎಷ್ಟೋ ರೋಗಗಳು ಬಂದು ಹೋದವು, ರೋಗಿಗಳ ಬುದ್ಧಿವಂತಿಕೆ ಮಾತ್ರ ಇದ್ದಲ್ಲೇ ಇತ್ತು. ಅದರಲ್ಲೂ ತಲೆನೋವಿನವರು ವಾರಕ್ಕೊಂದಾದರೂ ಕಥೆ ಕೊಟ್ಟೇ ಹೋಗುತ್ತಿದ್ದರು.

೧. ಲೈಸನ್ಸಿಲ್ಲದ ಕಾರಖಾನೆ

ಮೊದಲ ತಲೆನೋವು ನನ್ನದೇ. ಔಷಧ ಕಂಪನಿಯವರು ಪುಕ್ಕಟೆ ಕೊಟ್ಟ ಗುಳಿಗೆಗಳನ್ನು ದಿನಾ ಪುಟಾಣಿ ಕಡಲೆ ತಿಂದಂತೆ ತಿನ್ನುತ್ತಿದ್ದೆ. ನೋವು ಕಡಿಮೆಯಾಗುವ ಬದಲು ಹೆಚ್ಚಾಗಿ, ಕೆಲಸ ಬಿಡುವ ಹಂತಕ್ಕೆ ಬಂದೆ. ಮಿರಜಿನಲ್ಲಿ ಏನೋ ಸಭೆ ಮುಗಿಸಿ ಬಂದ ನಮ್ಮ ಡಾಕ್ಟರು ಗುಳಿಗೆ ಕಸಿದುಕೊಂಡರು. ನೋವು ತಗ್ಗಿಸಲು ದೇಹ ತಾನೇ ಒಂದು ನಮೂನೆಯ ಅಫೀಮು ತಯಾರಿಸುತ್ತದಂತೆ. ದಿನಾ ಗುಳಿಗೆ ನುಂಗಿದರೆ ಆ ವ್ಯವಸ್ಥೆ ಕೆಟ್ಟು, ಗುಳಿಗೆಯೇ ತಲೆನೋವು ತರುತ್ತದಂತೆ. ಆಗಲಿ, ಅಬಕಾರಿಯವರಿಗೆ ಮಾತ್ರ ಹೇಳಬೇಡಿ ಎಂದೆ.

೨. ನೋವಾಗದ ಔಷಧ

ತೆಲಸಂಗ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ತಲೆನೋವೆಂದು ಬಂದರೆ ಇಂಜೆಕ್ಷನ್ ಇಲ್ಲದೆ ಏಳುತ್ತಿರಲಿಲ್ಲ. ಬೇಸತ್ತ ಡಾಕ್ಟರು ಒಮ್ಮೆ ಬರೀ ಡಿಸ್ಟಿಲ್ಡ್ ನೀರು ಚುಚ್ಚಿದರು. ಹತ್ತಿ ಒತ್ತಿ ಹಿಡಿದಿರುವಾಗಲೇ ತಲೆ ಹಗುರಾಯಿತು ಎಂದರು ಆ ಮಹಾಶಯರು. ನಂಬಿಕೆಗೂ ಒಳಗಿನ ಅಫೀಮು ಹೊರಬರುತ್ತದೆ ಎಂದು ಡಾಕ್ಟರು ಆಮೇಲೆ ನನಗೆ ವಿವರಿಸಿದರು.

ಆಗ ಸೂಜಿ ಮೊಂಡಾಗುವವರೆಗೂ ಕುದಿಸಿ ಬಳಸುತ್ತಿದ್ದೆವು. ಮುಂದೆ ಒಮ್ಮೆ ಬಳಸಿ ಎಸೆಯುವ ಸಣ್ಣ ಸೂಜಿ ಬಂದಾಗ ಆ ಬೆಳೆಗಾರರ ಮುಖ ಬಾಡಿತು. ಅವರಿಗೆ ಜುನಾ, ಅಂದರೆ ಹಳೆಯದೇ, ಬೇಕು.

"ಚುಚ್ಚಿದ್ದ ಗೊತ್ತಾಗ್ಲಿಲ್ಲಂದ್ರ ಔಷಧ ಹೆಂಗ ಒಳಗ ಹೋಗತೈತ್ರಿ? ಆ ಜುನಾ ಸೂಜೀನ ತಗೀರಿ."

ಇಂಥ ಜಾಣರನ್ನು ನೆನೆದು ನಾನು ಒಂದು ವಾರ ನಕ್ಕೆ.

೩. ಮುಂಬಯಿ ಮಾಲು

ಗುಳಿಗೆ ಬಿಟ್ಟ ಮೇಲೆ ನನ್ನ ತಲೆ ಇನ್ನೂ ಹೆಚ್ಚು ಸಿಡಿಯತೊಡಗಿತು. ಮುಂಬಯಿಯಿಂದ ತರಿಸಿದ್ದು ಎನ್ನುತ್ತ ಡಾಕ್ಟರು ತಮ್ಮ ಡ್ರಾವರಿನಿಂದ ಏನೋ ತೆಗೆದು ಚುಚ್ಚಿದರು. ಹೊಸ ಸೂಜಿ ಮುಗಿದಿದ್ದರಿಂದ ಹಳೆಯದೇ ಗತಿ. ಜೀವ ಹೋದಂತಾಯಿತು, ಆದರೆ ಸಂಜೆಗೆ ನೋವು ಮಾಯ. ಸೋಮವಾರಕ್ಕೊಂದರಂತೆ ಎರಡು ತಿಂಗಳು ಚುಚ್ಚಿಸಿಕೊಂಡು, ಬಂದವರಿಗೆಲ್ಲ ಆಧುನಿಕ ವಿಜ್ಞಾನದ ಮೇಲೆ ಭಾಷಣ ಬಿಗಿದೆ.

ಡಾಕ್ಟರು ಶೇಡಬಾಳಕ್ಕೆ ಹೋಗಿದ್ದ ಒಂದು ದಿನ ಆ ಔಷಧದ ಹೆಸರು ನೋಡೋಣವೆಂದು ಡ್ರಾವರ್ ತೆಗೆದೆ. ಒಳಗಿದ್ದದ್ದು ನಾನೇ ತಂದಿಟ್ಟ ಡಿಸ್ಟಿಲ್ಡ್ ನೀರಿನ ಡಬ್ಬಿ. ಡ್ರಾವರ್ ಮುಚ್ಚುವಷ್ಟರಲ್ಲಿ ತಲೆ ಸಿಡಿಯತೊಡಗಿತು.

ಅವರು ಬಂದ ಕೂಡಲೇ ಕೇಳಿದೆ. "ಹೌದ್ರಿ, ಬರೇ ನೀರು. ಗುಣಾ ಮಾಡಿದ್ದು ನಿಮ್ಮ ಅಫೀಮು," ಎಂದರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಇಷ್ಟು ವರ್ಷ ಸರ್ವೀಸಾದ ನನಗೇ ಟೋಪಿ ಹಾಕುವುದೇ ಎಂದು ಹತ್ತು ನಿಮಿಷ ಕೂಗಾಡಿದೆ. ಕೂಗಿದಷ್ಟೂ ತಲೆ ಹೆಚ್ಚು ಸಿಡಿಯಿತು. ಕೊನೆಗೆ ಕುಳಿತು ಅಂಗಿಯ ತೋಳು ಮಡಚಿದೆ. ಡಾಕ್ಟರು ನೀರು ತುಂಬಿ, ಹೊಸ ಸೂಜಿ ಬಿಚ್ಚತೊಡಗಿದರು.

"ಅದು ಬ್ಯಾಡ್ರಿ," ಎಂದೆ. "ಆ ಜುನಾ ಸೂಜೀನ ತಗೀರಿ."