ಯಂತ್ರ ಒಪ್ಪದ ಹೆಬ್ಬೆಟ್ಟು

ಮನುಷ್ಯನ ದೇಹ ಪಂಚಭೂತಗಳಿಂದಾದದ್ದು ಎಂದು ಹಿರಿಯರು ಹೇಳಿದ್ದಾರೆ. ನನ್ನ ವಿಷಯದಲ್ಲಿ ನಾಲ್ಕೇ ಭೂತಗಳು ಬಂದಂತಿವೆ. ನೀರು ಬಂದ ಲಕ್ಷಣವಿಲ್ಲ. ಶಿರಾದ ಚಳಿಗಾಲದ ಗಾಳಿ ಬೀಸತೊಡಗಿದರೆ ನನ್ನ ಮೊಣಕಾಲಿನ ಕೆಳಗೆ ಉಗುರಿನಲ್ಲಿ ಗೀಚಿದ್ದು ಬಿಳಿಯ ಅಕ್ಷರವಾಗಿ ಮೂಡುತ್ತದೆ. ಶಾಲೆಯಲ್ಲಿ ಹದಿನೇಳರ ಮಗ್ಗಿಯನ್ನು ನಾನು ಪಾಸು ಮಾಡಿದ್ದು ಈ ಸೌಲಭ್ಯದಿಂದಲೇ. ಆದ್ದರಿಂದ ಒಣಚರ್ಮದ ಮೇಲೆ ನನಗೆ ಕೃತಜ್ಞತೆ ಇತ್ತೇ ಹೊರತು ದೂರು ಇರಲಿಲ್ಲ.

ದೂರು ಶುರುವಾದದ್ದು ನಾನು ಗುಮಾಸ್ತನಾಗಿರುವ ಮಧುಗಿರಿಯ ಕಚೇರಿಗೆ ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರ ಬಂದ ಮೇಲೆ. ಒಂದು ಸೋಮವಾರ ಅದು ನನ್ನ ಒಡೆದ ಹೆಬ್ಬೆಟ್ಟನ್ನು ಹನ್ನೊಂದು ಸಲ ತಿರಸ್ಕರಿಸಿತು. ಸಾಹೇಬರು ಎದುರಿಗಿದ್ದ ನನ್ನನ್ನೂ ಯಂತ್ರವನ್ನೂ ನೋಡಿ, ಯಂತ್ರವನ್ನು ನಂಬಿ, ಅರ್ಧ ದಿನ ರಜೆ ಕಡಿದರು. ಆ ವರ್ಷಕ್ಕೆ ಅದಕ್ಕೂ ಮೊದಲು ನನಗೆ ಉಳಿದಿದ್ದದ್ದೇ ಒಂದು ದಿನ. ಅದನ್ನು ಮುಂದಿನ ವಾರದ ಶುಕ್ರವಾರ ಪಾವಗಡದಲ್ಲಿ ನಡೆಯಲಿದ್ದ ಅಕ್ಕನ ಗೃಹಪ್ರವೇಶಕ್ಕೆಂದು ಕಾಪಾಡಿಕೊಂಡಿದ್ದೆ; ಈಗ ಅದರಲ್ಲಿ ಅರ್ಧವೇ ಉಳಿಯಿತು. ಕಳಶದ ಮುಂದೆ ತಮ್ಮನೇ ನಿಂತು ತವರಿನ ಸೀರೆ ಕೊಡಬೇಕು, ಅದನ್ನುಟ್ಟೇ ಅಕ್ಕ ಹೋಮಕ್ಕೆ ಕೂರಬೇಕು. "ಲೇ ಸೀನ, ಅರ್ಧ ದಿನ ಆದ್ರೂ ಸರಿ, ಹೊತ್ತಿಗೆ ಮುಂಚೆ ಬಂದ್ಬುಡು," ಎಂದಳು ಫೋನಿನಲ್ಲಿ.

ಮಂಗಳವಾರ ಹೆಬ್ಬೆಟ್ಟಿಗೆ ಹರಳೆಣ್ಣೆ ಧಾರಾಳವಾಗಿ ಮೆತ್ತಿಕೊಂಡು ಹೋಗಿ ಒತ್ತಿದೆ. ಯಂತ್ರ ನನ್ನನ್ನಂತೂ ಒಪ್ಪಲಿಲ್ಲ. ನನ್ನ ಹಿಂದೆ ಬಂದ ಯಾರನ್ನೂ ಒಪ್ಪಲಿಲ್ಲ. ಹತ್ತೂವರೆಗೆ ಅದರ ಲೆಕ್ಕದಲ್ಲಿ ಕಚೇರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಸಾಹೇಬರೂ ಸೇರಿದಂತೆ. ಬರಗೂರಿನ ಜವಾನ ರಂಗಣ್ಣ ಗಾಜು ಒರೆಸುತ್ತಾ, "ಏನ್ ಸಾ, ಹೆಬ್ಬೆಟ್ ಒತ್ತಿದ್ರೋ, ದೋಸೆ ಹುಯ್ಯಕ್ಕೆ ಕಾವ್ಲಿ ಸವರಿದ್ರೋ?" ಎಂದ. ಒಳಕ್ಕೂ ಎಣ್ಣೆ ಇಳಿದಿತ್ತು. ಯಂತ್ರ ರಿಪೇರಿಗೆ ಹೋಯಿತು. ಸಾಹೇಬರ ಹಾಜರಿಯೂ ಕೆಟ್ಟಿದ್ದರಿಂದ ಹಳೆಯ ಹಾಜರಿ ಪುಸ್ತಕ ತಕ್ಷಣ ಜೀವಂತವಾಯಿತು. ಅದರಲ್ಲಿ ನಾನು ದಿನವೂ ಸರಿಯಾಗಿ ಹತ್ತು ಗಂಟೆಗೆ ಬಂದೆ, ಎಷ್ಟೊತ್ತಿಗೆ ಬಂದರೂ.

ಸಂಜೆ ನಮ್ಮ ಬೀದಿಯ ನರ್ಸಮ್ಮನಿಗೆ ಬೆರಳು ತೋರಿಸಿದೆ. ಆಕೆ, "ಚರ್ಮದಲ್ಲಿ ಎಣ್ಣೆ ಇಲ್ದೇ ಇರೋದು ಬೇರೆ, ನೀರು ಇಲ್ದೇ ಇರೋದು ಬೇರೆ ಸಾರ್. ನಿಮಗೆ ಎರಡೂ ಇಲ್ಲ. ಒಣಗಿದ್ ಮೇಲೆ ಎಣ್ಣೆ ಬಳಿದ್ರೆ ಏನು ಬಂತು? ಸ್ನಾನ ಆದ ತಕ್ಷಣ ಮೈ ಪಸೆ ಇದ್ದಾಗ್ಲೇ ಹಚ್ಚಬೇಕು, ನೀರು ಒಳಗೇ ನಿಲ್ಲತ್ತೆ. ಸ್ನಾನಕ್ಕೆ ಎಂಥ ನೀರು?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಕೋಳಿ ಪುಕ್ಕ ಕೀಳೋ ನೀರು ಕಣಮ್ಮ. ಅದ್ರಲ್ಲಿ ಅರ್ಧ ಗಂಟೆ. ಆಮೇಲೆ ಕಲ್ಲಲ್ಲಿ ಬೇರೆ ಉಜ್ಕತಾರೆ," ಎಂದಳು.

ಹಂಡೆಯ ಸುಡುನೀರು, ಮೈಯುಜ್ಜುವ ಕಲ್ಲು, ಘಾಟು ಸೋಪು, ಮೂರಕ್ಕೂ ಅಂದೇ ನಿವೃತ್ತಿಯಾಯಿತು. ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಮಿಂದು, ಒದ್ದೆ ಮೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಅದು ಹೀರಲಿ ಎಂದು ನಡುಮನೆಯಲ್ಲಿ ಕೈಕಾಲು ಅಗಲಿಸಿ ನಿಲ್ಲುವುದು ನನ್ನ ಹೊಸ ವ್ರತ. "ಬೆದರುಬೊಂಬೆಗೆ ಅಂಗಿ ತೊಡಿಸ್ಲಾ?" ಎಂದು ಹೆಂಡತಿ ಕೇಳುತ್ತಿದ್ದಳು. ನಾನು ನಿಂತಲ್ಲೇ ನೀರು ಕುಡಿಯುತ್ತಿದ್ದೆ. ವಾರದಲ್ಲಿ ಹೆಬ್ಬೆಟ್ಟಿನ ಬಿರುಕು ಕೂಡಿ, ಹುಟ್ಟುವಾಗ ಬಂದ ಗೆರೆಗಳು ಮರಳಿ ಕಂಡವು.

ಗೃಹಪ್ರವೇಶದ ಹಿಂದಿನ ದಿನ, ಗುರುವಾರ, ಯಂತ್ರ ವಾಪಸು ಬಂತು. ಅಂದು ಎಣ್ಣೆ ಹೀರುವುದು ಕೊಂಚ ನಿಧಾನವಾಗಿ ಶಿರಾದಿಂದ ಹೊರಡುವ ಎಂಟೂವರೆಯ ಬಸ್ಸು ತಪ್ಪಿತ್ತು. ಹೆಬ್ಬೆಟ್ಟು ಒತ್ತಿದೆ. ಒಂದೇ ಸಲಕ್ಕೆ ಹಸಿರು ದೀಪ ಹತ್ತಿ ನನ್ನ ಹೆಸರೂ ಅದರ ಪಕ್ಕ ಹತ್ತು ಇಪ್ಪತ್ತೈದು ಎಂಬ ವೇಳೆಯೂ ಮೂಡಿದವು.

ತಡವಾದದ್ದಕ್ಕೆ ಉಳಿದ ಅರ್ಧ ದಿನ ರಜೆಯೂ ಕಡಿತವಾಯಿತು. ಶುಕ್ರವಾರ ನಾನು ಕಚೇರಿಯಲ್ಲಿದ್ದೆ. ಅಕ್ಕ ಬೇರೆ ಸೀರೆಯುಟ್ಟು ಹೋಮಕ್ಕೆ ಕೂತಳು.