ಹಳ್ಳ ದಾಟಿ ಬಂದ ಬೀಗರು

ಇಳಕಲ್ಲಿನ ಸೀರೆ ವ್ಯಾಪಾರಿ ಹೊಳಬಸಪ್ಪನವರು ಈ ಲೋಕದಲ್ಲಿ ಏನನ್ನಾದರೂ ಸಹಿಸಿಯಾರು. ಅರ್ಧ ಅಂಗಡಿಯನ್ನೇ ಬಿಚ್ಚಿಸಿ ನೋಡಿ, "ಮತ್ತ ಬರ್ತೇವ್ರಿ" ಎಂದು ಎದ್ದುಹೋಗುವ ಗಿರಾಕಿಯನ್ನು ಕೂಡ. ಹೆಂಡತಿ ಬಸಲಿಂಗವ್ವನ ಹಾಡನ್ನು ಮಾತ್ರ ಸಹಿಸರು.

ಕಂಠದ ಬಗ್ಗೆ ತಕರಾರಿಲ್ಲ. ಆಕೆ ಹಿತ್ತಲಿನಲ್ಲಿ ದನಿ ಎತ್ತಿದರೆ ಓಣಿಯ ಮಗ್ಗಗಳು ಲಾಳಿ ಹಿಡಿದು ನಿಲ್ಲುತ್ತಿದ್ದವು. ತಕರಾರು ಶಬ್ದದ್ದು. ರೇಡಿಯೋದವರು ಸ್ಪಷ್ಟವಾಗಿ "ಹೊಳೆಯ ದಂಡೆಯಲಿ ಹೊಳೆವ ಕೊಡವೇ" ಎಂದು ಹಾಡಿದರೆ, ಈಕೆ "ಹಳ್ಳದ ದಂಡಿಯಲಿ ಮಿಂಚೂ ಕೊಡವೇ" ಎಂದು ತಿರುವಿಬಿಡುತ್ತಿದ್ದಳು. ಮಾತಿನಲ್ಲಿಯೂ ಅದೇ ಪಾಡು. ಬಸಳೆ ಸೊಪ್ಪು ಆಕೆಯ ಬಾಯಲ್ಲಿ "ಬಳ್ಳಿ ಪಲ್ಯೆ". ಬಸ್ಸು "ಕೆಂಪ ಗಾಡಿ". ಒಮ್ಮೆ ಕೆರೂರಿನ ಗಿರಾಕಿಯೊಬ್ಬ ಬಸ್ ನಿಲ್ದಾಣ ಎಲ್ಲಿ ಎಂದು ಕೇಳಿದಾಗ "ಕೆಂಪ ಗಾಡಿ ನಿಲ್ಲೂ ಕಡೆ ಹೋಗ್ರಿ" ಎಂದಳು. ಆತ ನಿಷ್ಠೆಯಿಂದ ಹೋಗಿ, ಕೆಂಪು ಟ್ರ್ಯಾಕ್ಟರುಗಳ ಶೋರೂಮಿನ ಮುಂದೆ ಸಂಜೆಯ ತನಕ ನಿಂತಿದ್ದನಂತೆ.

"ಕಿವಿ ದವಾಖಾನಿಗೆ ತೋರ್ಸೂಣೇನು?" ಎಂದು ಹೊಳಬಸಪ್ಪನವರು ಕೆಣಕುವರು.

"ಕಿವಿ ಚೊಲೋ ಅದಾವ್ರಿ. ಇಲ್ಲಂದ್ರ ನಿಮ್ಮ ಮಾತು ಇಷ್ಟ ವರ್ಷ ಕೇಳಿಸ್ತಿತ್ತೇನು?" ಎಂದು ಆಕೆ ರೊಟ್ಟಿ ಬಡಿಯುವಳು.

ಹೊಳಬಸಪ್ಪನವರು ಶುದ್ಧ ಭಾಷೆಯ ಸ್ವಯಂಘೋಷಿತ ಕಾವಲುಗಾರರು. (ದೀಪಾವಳಿಗೆ ಅಂಗಡಿಯ ಮೇಲೆ ತಾವೇ ಬರೆಸಿದ ಬ್ಯಾನರಿನಲ್ಲಿ "ಸಮಸ್ತ ಗ್ರಾಹಕರಿಗೆ ಭಾವಪೂರ್ಣ ಶ್ರದ್ಧಾಂಜಲಿ" ಎಂದಿದ್ದ ಸಂಗತಿಯನ್ನು ಇಲ್ಲಿ ಎತ್ತಬಾರದು. ಆ ಸಲ ವ್ಯಾಪಾರ ಚೆನ್ನಾಗಿಯೇ ಆಯಿತು. ತಾವು ಬದುಕಿದ್ದೇವೆ ಎಂದು ತೋರಿಸಲು ಬಂದವರೂ ಒಂದೊಂದು ಸೀರೆ ಕೊಂಡು ಹೋದರು.)

ಹೀಗಿರಲು ಸೊಸೆ ರಾಜಶ್ರೀಯ ಕುಬಸದ ದಿನ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಲು ಬಾಗಲಕೋಟೆಯಿಂದ ತವರಿನವರು ಬರಬೇಕು. ಸೊಸೆಯ ತಾಯಿ ಮಹೇಶ್ವರಿಯವರು ಕನ್ನಡದ ಟೀಚರು. ಹೊಳಬಸಪ್ಪನವರಿಗೆ ಮಾನದ ಚಿಂತೆ ಹತ್ತಿತು. ಏಕೆಂದರೆ ಬಸಲಿಂಗವ್ವ ಆಗಲೇ ಹಿತ್ತಲಿನಲ್ಲಿ ಹಾಡಿನ ತಾಲೀಮು ಶುರುಮಾಡಿದ್ದಳು:

"ಹಳ್ಳ ದಾಟಿ ಬಂದಾರ ತವರವರು,
ಮಿಂಚೂ ಹಸರ ಸೀರಿ ತಂದಾರ..."

"ಏ, ಹಳ್ಳ ಅಲ್ಲ, ಹೊಳಿ! ಬಾಗಲಕೋಟಿ ಮಂದಿ ಮಲಪ್ರಭಾ ಹೊಳಿ ದಾಟಿ ಬರ್ತಾರ. ಹಳ್ಳ ದಾಟಿ ಬಂದ್ರು ಅಂದ್ರ ಬೀಗರ ಮಾನ ಏನಾತು? ಅನ್ನು, ಹೊಳಿ!"

"ಒಲ್ಲೆರಿ."

"ಯಾಕ?"

"ಬರೂದಿಲ್ಲರಿ."

"ಎರಡು ಅಕ್ಷರ ಬರೂದಿಲ್ಲೇನು? ಹಂಗಾರ ಅವತ್ತ ನೀ ಹಾಡೂದು ಬ್ಯಾಡ. ಮೊಬೈಲಿನಾಗ ಹಾಡು ಹಚ್ಚತೇನಿ."

ಅಂದಿನಿಂದ ಹಿತ್ತಲು ಮೂಕವಾಯಿತು. ಓಣಿಯಲ್ಲಿ ಯಾರ ಮನೆಯ ಕುಬಸವಾದರೂ ಮೊದಲ ಹಾಡು ಆಕೆಯದು. ತನ್ನ ಸ್ವಂತ ಸೊಸೆಯ ಕುಬಸಕ್ಕೆ ಬಾಯಿಗೆ ಬೀಗ. ಹೊಳಬಸಪ್ಪನವರಿಗೆ ಒಳಗೊಳಗೇ ಸ್ವಲ್ಪ ಚುರುಕ್ಕೆಂದಿತು. ಆದರೆ ಒಮ್ಮೆ ಹೇಳಿದ ರೇಟು ಇಳಿಸುವ ಜಾಯಮಾನ ಅವರದಲ್ಲ.

ಆ ದಿನ ಬಂತು. ರಾಜಶ್ರೀಯನ್ನು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂಡಿಸಿದರು. ಬಳೆಗಾರತಿ ಲಾಡಬಿ ಬಳೆಗಳ ಮಲಾರ ಬಿಚ್ಚಿದಳು. ಹೊಳಬಸಪ್ಪನವರು ಗತ್ತಿನಿಂದ ಮೊಬೈಲು ಒತ್ತಿದರು. ಶುದ್ಧ ಕನ್ನಡದ ಹಾಡು ಎರಡು ಸಾಲು ಹರಿದು, ತಟ್ಟನೆ ನಿಂತು, ಗಂಡಸಿನ ದನಿಯೊಂದು ಕೇಳಿತು: "ನೀವು ಮೂಲವ್ಯಾಧಿಯಿಂದ ಬಳಲುತ್ತಿದ್ದೀರಾ?"

ಮುತ್ತೈದೆಯರು ಸೆರಗು ಬಾಯಿಗೆ ಒತ್ತಿಕೊಂಡರು. ಲಾಡಬಿಯ ಕೈಯ ಬಳೆ ಒಡೆಯಿತು.

"ಅದನ್ನ ಬಂದ್ ಮಾಡ್ರಿ ಬೀಗರ," ಎಂದರು ಮಹೇಶ್ವರಿ. "ಅಕ್ಕಾರ, ನೀವು ಭಾಳ ಚಂದ ಹಾಡ್ತೀರಂತ ರಾಜಶ್ರೀ ಹೇಳ್ತಿರ್ತಾಳ. ನೀವೇ ಹಾಡ್ರಿ."

ಬಸಲಿಂಗವ್ವ ಗಂಡನತ್ತ ನೋಡಿದಳು. ಗಂಡ ಗೋಡೆಯತ್ತ ನೋಡಿದರು. ಆಕೆ ಹಾಡಿದಳು. ಹಳ್ಳ ದಾಟಿಯೇ ಬಂದರು ತವರಿನವರು, ಮಿಂಚುವ ಸೀರೆಯನ್ನೇ ತಂದರು. ತಡೆಯಲಾರದೆ ಹೊಳಬಸಪ್ಪನವರು ಬಾಗಿಲಿನಿಂದಲೇ ಕೂಗಿದರು: "ಹೊಳಿ ಅದು, ಹೊಳಿ! ತಪ್ಪು ತಿಳೀಬ್ಯಾಡ್ರಿ ಬೀಗತೀರ, ಇಕಿಗೆ ಮೊದಲಿಂದ ಶಬ್ದ ಹತ್ತೂದಿಲ್ಲ. ಬಸ್ಸಿಗೂ ಕೆಂಪ ಗಾಡಿ ಅಂತಾಳ!"

ಮಹೇಶ್ವರಿಯವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಬೀಗರ, ಗಂಡನ ಹೆಸರು ಬಾಯಾಗ ತರಬಾರದಂತ ಅಕ್ಕಾರು ಅದರ ನೆರಳಿಗೂ ಕಾಲಿಡಂಗಿಲ್ಲ. ನಿಮ್ಮ ಹೆಸರು ಹೊಳಬಸಪ್ಪ. ಹೊಳಿನೂ ಹೋತು, ಬಸ್ಸೂ ಹೋತು. ನಮ್ಮಪ್ಪನ ಹೆಸರು ಸೋಮಪ್ಪ. ನಮ್ಮವ್ವ ಸಾಯೂತನ ಸೋಮವಾರ ಅನ್ನಲಿಲ್ಲ, ಐತವಾರದ ಮರುದಿನ ಅಂತಿದ್ಲು!"

"ನಮಗೆಲ್ಲಾ ಗೊತ್ತೈತ್ರಿ," ಎಂದಳು ಲಾಡಬಿ. "ಓಣ್ಯಾಗ ಗೊತ್ತಿಲ್ಲದವ್ರು ನೀವೊಬ್ಬರೇ ನೋಡ್ರಿ ಅಣ್ಣಾರ."

ಹೊಳಬಸಪ್ಪನವರು ಹೆಂಡತಿಯತ್ತ ತಿರುಗಿದರು. ಹೆಸರು ಹೇಳಬಾರದೆಂಬುದು ಅವರಿಗೂ ಗೊತ್ತು. ಅದರ ಚೂರುಪಾರನ್ನೂ ಇಷ್ಟು ಜೋಪಾನವಾಗಿ ಮಡಿಚಿಟ್ಟಿರಬಹುದೆಂದು ಯಾರು ಬಲ್ಲರು? "ಮೊದಲೇ ಹೇಳಾಕ ಏನಾಗಿತ್ತು ನಿನಗ?"

"ಹ್ಯಾಂಗ ಹೇಳ್ಲಿರಿ? ಹೇಳಬೇಕಂದ್ರ ಆ ಶಬ್ದ ಬಾಯಾಗ ಬರಬೇಕಲ್ಲ!"

ಹೆಂಗಸರು ಹೋ ಎಂದರು. ಒಡಪು ಕಟ್ಟಿ, ಪ್ರಾಸ ಕೂಡಿಸಿ ಹೇಳಿದರೆ ಮಾತ್ರ ಗಂಡನ ಹೆಸರಿಗೆ ದೋಷವಿಲ್ಲ. "ಹೇಳ ಯಕ್ಕಾ, ಹೆಸರು ಹೇಳ!" ಎಂದು ನಾಲ್ಕೂ ಕಡೆಯಿಂದ ಒತ್ತಾಯ. ಬಸಲಿಂಗವ್ವ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ಬೆಳ್ಳಿ ಬಟ್ಟಲದಾಗ ಗಟ್ಟಿ ತುಪ್ಪ,
ದಿನಾ ಹುಡುಕ್ಯಾರ ನನ್ನ ಹಾಡಿನಾಗ ತಪ್ಪ,
ತಮ್ಮ ಹೆಸರೇ ಆ ತಪ್ಪಂತ ತಿಳೀದ ಜಾಣ,
ನನ್ನ ಗಂಡ ಹೊಳಬಸಪ್ಪ!"

ಚಪ್ಪಾಳೆಗೆ ಮಾಳಿಗೆಯ ಪಾರಿವಾಳಗಳು ಹಾರಿದವು. ಮಹೇಶ್ವರಿ ಎದ್ದು ಬಂದು ಬೀಗತಿಯನ್ನು ತಬ್ಬಿಕೊಂಡರು. ಆ ಮೇಲಿನ ಹಾಡುಗಳಿಗೆಲ್ಲ ಬಸಲಿಂಗವ್ವನೇ ಯಜಮಾನಿ. ಬಾಗಲಕೋಟೆಯ ಬೀಗರು ಅವತ್ತು ದಾಟಿದ ಹಳ್ಳಗಳಿಗೆ ಲೆಕ್ಕವಿಲ್ಲ.

ಊಟದ ಹೊತ್ತಿಗೆ ಹೊಳಬಸಪ್ಪನವರು ಮೆಲ್ಲಗೆ ಪಡಸಾಲೆಯತ್ತ ಹೊರಟರು. ಹೊಸ್ತಿಲಿನಲ್ಲಿ ಹೆಂಗಸರ ಪಡೆ ಅಡ್ಡಗಟ್ಟಿತು. ಒಳಗೆ ಹೋಳಿಗೆ ಘಮಘಮಿಸುತ್ತಿತ್ತು.

"ಹೇಣ್ತಿ ಹೆಸರು ಹೇಳ್ರಿ. ಆಮ್ಯಾಲ ಊಟ."

ಭಾಷೆಯ ಕಾವಲುಗಾರರು ಗಂಟಲು ಸರಿಪಡಿಸಿಕೊಂಡರು. ತಲೆಯೊಳಗೆ ಅಂಗಡಿಯ ಬೋರ್ಡೊಂದು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

"ಬಣ್ಣ ಹೋಗೂದಿಲ್ಲ ಗ್ಯಾರಂಟಿ... ಒಮ್ಮೆ ಒಯ್ದದ್ದು ವಾಪಸ್ ಇಲ್ಲ... ಒಂದೇ ಪೀಸು ನಮ್ಮ ಬಸಲಿಂಗವ್ವ!"

ಬಾಗಿಲಿಗೆ ಕೈ ಅಡ್ಡ ಇಟ್ಟುಕೊಂಡೇ ಬಸಲಿಂಗವ್ವ ನಕ್ಕಳು.

"ಮಾಲು ಖರೆ ಐತ್ರಿ. ಪ್ರಾಸ ತಪ್ಪೈತಿ. ಇನ್ನೊಮ್ಮೆ ಹೇಳ್ರಿ, ಅಲ್ಲೀತನ ನಾವು ಉಂಡಿರ್ತೇವಿ."